ಓದುಗರ ಪ್ರಶ್ನೆ: ನೀರಿನಡಿ ಡೀಸೆಲ್ ಇಂಜಿನ್ ಹೇಗೆ ಓಡುತ್ತದೆ?

ಪ್ರಶ್ನೆ: ಡೀಸೆಲ್ ಇಂಜಿನ್‌ಗೆ ಗಾಳಿ ಬೇಕೇ ಬೇಕು ಅಲ್ವಾ? ಹಾಗಿದ್ದರೆ ಡೀಸೆಲ್ ಸಬ್‌ಮರೀನ್ ನೀರೊಳಗೆ ಓಡುವುದು ಹೇಗೆ?
– ಕಾಲೇಜು ವಿದ್ಯಾರ್ಥಿ, ಕುಂಬಳೆ

ಉತ್ತರ: ನಿಮ್ಮ ಅನುಮಾನ ಸರಿ. ಆಳಕ್ಕಿಳಿದ ಮೇಲೆ ಡೀಸೆಲ್ ಇಂಜಿನ್ ಓಡುವುದೇ ಇಲ್ಲ. ಅಲ್ಲಿ ದುಡಿಯುವುದು ಬ್ಯಾಟರಿ ಮತ್ತು ಮೋಟಾರು. ಆಟಿ ತಿಂಗಳ ಮಳೆಗೆ ಕರೆಂಟು ಹೋದಾಗ ನಮ್ಮ ಮನೆಗಳಲ್ಲಿ ಇನ್ವರ್ಟರ್ ಇರುತ್ತದಲ್ಲ, ಹೆಚ್ಚು ಕಡಿಮೆ ಅದೇ ಲೆಕ್ಕ. ಖಾಲಿಯಾದ ಬ್ಯಾಟರಿಯನ್ನು ತುಂಬಿಸುವುದಷ್ಟೇ ಡೀಸೆಲ್‌ನ ಕೆಲಸ. ಅದಕ್ಕಾಗಿ ಸಬ್‌ಮರೀನ್ ಮೇಲಕ್ಕೆ ಬಂದು, ಮೈಯನ್ನು ನೀರಿನಡಿಯಲ್ಲೇ ಇಟ್ಟು, ಸ್ನಾರ್ಕೆಲ್ ಎಂಬ ಕೊಳವೆಯನ್ನು ಮಾತ್ರ ಹೊರಗೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಅಪಾಯ ಜಾಸ್ತಿ ಇರುವುದೂ ಆಗಲೇ. ಇಂಜಿನ್ ಸದ್ದು ಮಾಡುತ್ತದೆ, ಕೊಳವೆ ರಡಾರ್ ಕಣ್ಣಿಗೆ ಬೀಳಬಹುದು.

ನಮ್ಮ ನೌಕಾಪಡೆಯ ಈಗಿನ 'ಕಲ್ವರಿ' ಸಬ್‌ಮರೀನ್ 67.5 ಮೀಟರ್ ಉದ್ದ. ಅದರಲ್ಲಿ 360 ಬ್ಯಾಟರಿ ಸೆಲ್‌ಗಳಿವೆ, ಒಂದೊಂದೂ 750 ಕಿಲೋ. ಅಂದರೆ ಬ್ಯಾಟರಿಯೇ 270 ಟನ್! ನಿಧಾನಕ್ಕೆ ಹೋದರೆ ಈ ಚಾರ್ಜು ದಿನಗಟ್ಟಲೆ ಬರುತ್ತದೆ, ಪೂರ್ತಿ ವೇಗದಲ್ಲಿ ಓಡಿಸಿದರೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಇನ್ನೊಂದು ವಿಷಯ. ಇನ್ವರ್ಟರ್ ಬ್ಯಾಟರಿಯನ್ನು ಗಾಳಿಯಾಡುವ ಕಡೆ ಇಡಿ ಎಂದು ಎಲೆಕ್ಟ್ರಿಷಿಯನ್ ಹೇಳುವುದು ಸುಮ್ನೆ ಅಲ್ಲ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಸಬ್‌ಮರೀನ್‌ನ ಮುಚ್ಚಿದ ಉಕ್ಕಿನ ಮೈಯೊಳಗೆ ಅದು ಸೇರಿಕೊಂಡರೆ ಒಂದು ಕಿಡಿ ಸಾಕು. ಅದಕ್ಕೇ ಅಲ್ಲಿ ಫ್ಯಾನು ತಿರುಗುತ್ತಲೇ ಇರಬೇಕು, ಗಾಳಿಯಲ್ಲಿ ಹೈಡ್ರೋಜನ್ ಎಷ್ಟಿದೆ ಎಂದು ಅಳೆಯುತ್ತಲೇ ಇರಬೇಕು.

ಪ್ರಶ್ನೆ: ಒಂದು ಸಬ್‌ಮರೀನ್ ಕಟ್ಟಲು ಹತ್ತು ವರ್ಷ ಯಾಕೆ ಬೇಕು?
– ಓದುಗರು, ಪೆರ್ಲ

ಉತ್ತರ: ಎಲ್ಲಕ್ಕೂ ಹತ್ತು ವರ್ಷ ಬೇಕಿಲ್ಲ. ಆದರೆ ಮುಂಬೈಯಲ್ಲಿ ಹಡಗು ಕಟ್ಟುವ ಮಝಗಾಂವ್ ಡಾಕ್‌ನಲ್ಲಿ ಕಲ್ವರಿಗೆ ಅದಕ್ಕಿಂತ ಜಾಸ್ತಿಯೇ ಹಿಡಿಯಿತು. ಫ್ರಾನ್ಸ್ ಜೊತೆ ಒಪ್ಪಂದ ಆದದ್ದು 2005ರಲ್ಲಿ, ಅದು ನೌಕಾಪಡೆಗೆ ಸೇರಿದ್ದು 2017ರ ಡಿಸೆಂಬರ್ 14ಕ್ಕೆ.

ಕೆಲಸವೂ ಅಂಥದ್ದು. ಸಮುದ್ರದಲ್ಲಿ 300 ಮೀಟರ್ ಆಳದಲ್ಲಿ ಒಂದು ಅಂಗೈ ಅಗಲದ ಜಾಗದ ಮೇಲೆ ಸುಮಾರು 3 ಟನ್ ಭಾರ ಬೀಳುತ್ತದೆ. ದಪ್ಪ ಉಕ್ಕನ್ನು ಬಾಗಿಸಿ, ಬಳೆಗಳ ಹಾಗೆ ಮಾಡಿ, ಒಂದಕ್ಕೊಂದು ಬೆಸೆಯುತ್ತಾರೆ. ಪ್ರತಿ ಬೆಸುಗೆಯ ಒಳಗನ್ನೂ ಎಕ್ಸ್‌ರೇಯಂಥ ಪರೀಕ್ಷೆಯಲ್ಲಿ ನೋಡುತ್ತಾರೆ.

ನನಗೆ ಬೇಸರ ಬೇರೆಯದೇ. ಇದೇ ಡಾಕ್ 1992ರಲ್ಲಿ 'ಶಲ್ಕಿ'ಯನ್ನು, 1994ರಲ್ಲಿ 'ಶಂಕುಲ್' ಅನ್ನು ಜರ್ಮನ್ ವಿನ್ಯಾಸದಲ್ಲಿ ಕಟ್ಟಿ ಕೊಟ್ಟಿತ್ತು. ಆಮೇಲೆ ವರ್ಷಗಟ್ಟಲೆ ಹೊಸ ಆರ್ಡರೇ ಇಲ್ಲ. ನಿಮ್ಮ ಪೆರ್ಲ, ಬಾಯಾರು ಕಡೆ ನೀರಿಗಾಗಿ ಗುಡ್ಡದಲ್ಲಿ ಸುರಂಗ ಕೊರೆಯುವವರನ್ನು ನೋಡಿದ್ದೀರಲ್ಲ? ಹತ್ತು ವರ್ಷ ಯಾರೂ ಸುರಂಗ ತೋಡಿಸದಿದ್ದರೆ ಹಳಬರ ಕೈ ತಪ್ಪುತ್ತದೆ, ಹೊಸಬರು ಕಲಿಯುವುದಿಲ್ಲ. ಡಾಕ್‌ನ ವೆಲ್ಡರುಗಳ ವಿಷಯದಲ್ಲೂ ಆದದ್ದು ಅದೇ. ಕಲಿತವರಿಗೆ ಕೆಲಸ ಕೊಡುತ್ತಲೇ ಇರಬೇಕಿತ್ತು.

ಪ್ರಶ್ನೆ: ನೌಕಾಪಡೆಯಲ್ಲಿರುವ ಮಗ ಸಬ್‌ಮರೀನ್‌ಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಭಯವಾಗುತ್ತಿದೆ.
– ಒಬ್ಬ ತಾಯಿ, ಮಂಜೇಶ್ವರ

ಉತ್ತರ: ಭಯ ಸಹಜ ಅಮ್ಮಾ, ಸುಳ್ಳು ಸಮಾಧಾನ ಹೇಳುವುದಿಲ್ಲ. 2013ರ ಆಗಸ್ಟ್ 14ರಂದು ಮುಂಬೈ ಬಂದರಿನಲ್ಲೇ 'ಸಿಂಧುರಕ್ಷಕ್' ಸಬ್‌ಮರೀನ್ ಸ್ಫೋಟವಾಗಿ 18 ಜನ ತೀರಿಹೋದರು. ಆಳದಲ್ಲಿ ಸಿಕ್ಕಿಬಿದ್ದವರನ್ನು ಮೇಲೆ ತರುವ ವಾಹನ ನಮ್ಮ ನೌಕಾಪಡೆಗೆ ಬಂದದ್ದು 2018ರಲ್ಲಿ. ಅದು 650 ಮೀಟರ್‌ವರೆಗೆ ಇಳಿಯುತ್ತದೆ. ಮಗನಿಗೆ ವಿಶಾಖಪಟ್ಟಣದಲ್ಲಿ ತರಬೇತಿ ಇರುತ್ತದೆ. ಅಡುಗೆಯವನಿಂದ ಹಿಡಿದು ಎಲ್ಲರೂ ಇಡೀ ಹಡಗಿನ ವಾಲ್ವು, ಪೈಪು ಕಲಿತು ಪರೀಕ್ಷೆ ಪಾಸಾದ ಮೇಲೆಯೇ ಸಬ್‌ಮರೀನ್‌ನವರ ಗುರುತಾದ ಡಾಲ್ಫಿನ್ ಬ್ಯಾಡ್ಜ್ ಸಿಗುವುದು. ಕಡಲಲ್ಲಿ ಇರುವಷ್ಟು ದಿನ ಬಿಸಿಲಿಲ್ಲ, ಫೋನಿಲ್ಲ, ಸ್ನಾನಕ್ಕೂ ನೀರು ಅಳತೆಯದ್ದು.

ಅವನನ್ನು ನೋಡಲು ಹೋದಾಗ ಅಲ್ಲಿನ ಬೀಚಿನಲ್ಲಿ ಮ್ಯೂಸಿಯಂ ಆಗಿರುವ 'ಕುರ್ಸುರಾ' ಸಬ್‌ಮರೀನ್ ಒಳಗೆ ಒಮ್ಮೆ ನಡೆದು ನೋಡಿ. ಹಳೆಯ ರಷ್ಯನ್ ಸಬ್‌ಮರೀನ್ ಅದು, ಇಕ್ಕಟ್ಟು, ದುಂಡನೆಯ ಬಾಗಿಲಲ್ಲಿ ಬಗ್ಗಿ ಕಾಲೆತ್ತಿ ದಾಟಬೇಕು. ಮಗ ಮಲಗುವ ಜಾಗ ಎಷ್ಟಿರುತ್ತದೆ ಎಂದು ಅಲ್ಲಿ ಅವನೇ ತೋರಿಸಲಿ.