ತಂಬೂರಿ ಹಿಡಿದವರು ಕಡತ ಹಿಡಿದರೆ

ಸಿಂಧನೂರಿನ ಓದುಗರೊಬ್ಬರು ನೊಂದು ಬರೆದಿದ್ದಾರೆ: ಅವರ ಮಗಳಿಗೆ ಪಾಠ ಹೇಳುವ ಗಾಯಕರು ಸಂಗೀತ ಶಾಲೆಯ ಪ್ರಾಚಾರ್ಯರಾದಂದಿನಿಂದ ವೇದಿಕೆಯ ಮೇಲೆ ಕಾಣಿಸುತ್ತಲೇ ಇಲ್ಲವಂತೆ. ‘ಹಾಡುವವರನ್ನು ಕುರ್ಚಿಗೆ ಕಟ್ಟಿಹಾಕುವುದು ಸಂಗೀತದ್ರೋಹವಲ್ಲವೇ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ರಿಯಾಜಿನ, ಅಂದರೆ ನಿತ್ಯದ ಅಭ್ಯಾಸದ, ಹೊತ್ತನ್ನು ಸಭೆಗಳೂ ಬಿಲ್ಲುಗಳೂ ನುಂಗಿದರೆ ಕಂಠ ಸೊರಗುತ್ತದೆ, ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಇಷ್ಟು ಒಳ್ಳೆಯ ಕಿವಿಯುಳ್ಳ ನೀವು ದ್ರೋಹವೆಂಬ ಮಾತನ್ನು ಆಡಬಾರದಿತ್ತು.

ಗಾಯಕ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವೆಂಬ ಸಂಗೀತ ಶಾಲೆಯನ್ನು ತೆರೆದಾಗ ಅರಸರನ್ನು ನೆಚ್ಚಲಿಲ್ಲ. ಜನರ ದೇಣಿಗೆಯನ್ನೂ ತಮ್ಮ ಹಾಡುಗಾರಿಕೆಯ ಸಂಪಾದನೆಯನ್ನೂ ಅದಕ್ಕೆ ಸುರಿದರು. ಮುಂದೆ ಆ ಶಾಲೆಯ ಮುಂಬಯಿಯ ಕಟ್ಟಡ ಸಾಲಕ್ಕೆ ಹರಾಜಾಯಿತು, ಆದರೆ ಅವರ ಶಿಷ್ಯರು ಊರೂರುಗಳಲ್ಲಿ ಶಾಲೆಗಳನ್ನು ಕಟ್ಟಿದರು. ಹೆಸರಾಂತ ಗಾಯಕ ಫೈಯಾಜ್ ಖಾನರಲ್ಲಿ ಕಲಿತ ಶ್ರೀಕೃಷ್ಣ ರಾತಂಜನಕರರು ಲಖನೌದ ಮ್ಯಾರಿಸ್ ಸಂಗೀತ ಕಾಲೇಜನ್ನು 1928ರಿಂದ ದೀರ್ಘಕಾಲ ನಡೆಸಿದರು. ಅವರಿಗೆ ವೇದಿಕೆಯ ಖ್ಯಾತಿ ಕಡಿಮೆಯೇ ದಕ್ಕಿರಬಹುದು. ಆದರೆ ನಮ್ಮ ಬೈಲಹೊಂಗಲದ ಬಾಲಕ ಕೆ.ಜಿ. ಗಿಂಡೆಯವರು ಅವರ ಮನೆಯಲ್ಲೇ ಉಳಿದು ಕಲಿತು, ಮುಂದೆ ತಾವೂ ಮುಂಬಯಿಯ ವಲ್ಲಭ ಸಂಗೀತಾಲಯದ ಪ್ರಾಚಾರ್ಯರಾದರು. ಅಷ್ಟು ದೂರವೇಕೆ? ಗದುಗಿನ ಪುಟ್ಟರಾಜ ಗವಾಯಿಗಳು 1944ರಲ್ಲಿ ಗುರು ಪಂಚಾಕ್ಷರ ಗವಾಯಿಗಳು ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, ನಾಟಕ ಕಂಪನಿಯನ್ನೂ ನಡೆಸಿ, ಅಂಧ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಹಾರ್ಮೋನಿಯಂ ಕಲಿಸುವ ಎಷ್ಟೋ ಗವಾಯಿಗಳು ಆ ಆಶ್ರಮದಲ್ಲಿ ಉಂಡು ಕಲಿತವರು. ಪುಟ್ಟರಾಜರು ಹಾಡಿಕೊಂಡಷ್ಟೇ ಇದ್ದಿದ್ದರೆ ಈ ಮಕ್ಕಳನ್ನು ಯಾರು ಸಾಕುತ್ತಿದ್ದರು?

ಸಂಗೀತ ಬಲ್ಲವರು ಬಿಟ್ಟ ಕುರ್ಚಿ ಖಾಲಿ ಉಳಿಯುವುದಿಲ್ಲ. ನಮ್ಮ ಸೀಮೆಯ ಉತ್ಸವವೊಂದರಲ್ಲಿ ಹಿರಿಯ ಗಾಯಕರು ವಿಲಂಬಿತ್ ಖ್ಯಾಲನ್ನು, ಅಂದರೆ ನಿಧಾನ ಲಯದ ಹಾಡನ್ನು, ಆಗಷ್ಟೇ ಎತ್ತಿಕೊಂಡಿದ್ದರು. ಸಚಿವರು ಬಂದರೆಂದು ಅಧಿಕಾರಿಯೊಬ್ಬರು ಹಾಡು ನಿಲ್ಲಿಸಿ ಸನ್ಮಾನ ಆರಂಭಿಸಿದ್ದನ್ನು ಕಂಡಿದ್ದೇನೆ. ಒಂದು ದಿನವಾದರೂ ತಂಬೂರಿ ಶ್ರುತಿ ಮಾಡಿದವರು ಹಾಗೆ ಮಾಡಲಾರರು. ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನು ರಾಯಚೂರಿನ ರಂಗಮಂದಿರಕ್ಕೆ ಇಟ್ಟು ಗೌರವಿಸಿದ ಈ ನಾಡು, ಶಾಲೆಗಳಿಗೆ ಸಂಗೀತ ಶಿಕ್ಷಕರನ್ನು ಕೊಡುವಾಗ ಮಾತ್ರ ಕೈ ಬಿಗಿ ಹಿಡಿಯುತ್ತದೆ. ಇರುವ ಒಬ್ಬರೇ ಪಾಠ ಹೇಳಬೇಕು, ಹಾಜರಿ ಬರೆಯಬೇಕು, ತಬಲಾಕ್ಕೆ ಪುಡಿ, ಅಂದರೆ ಚರ್ಮದ ಹೊದಿಕೆ, ಹಾಕಿಸಿದ ರಸೀದಿಯನ್ನೂ ಕಾಯ್ದಿಡಬೇಕು.

ಆದ್ದರಿಂದ, ಕುರ್ಚಿ ಬಿಟ್ಟು ಬನ್ನಿರೆಂದು ನಿಮ್ಮ ಮಗಳ ಗುರುಗಳನ್ನು ಒತ್ತಾಯಿಸಬೇಡಿ. ಆ ಶಾಲೆಗೊಬ್ಬ ಗುಮಾಸ್ತರನ್ನು ಕೊಡಿರೆಂದು ಇಲಾಖೆಗೆ ಪತ್ರ ಬರೆಯಿರಿ. ಉಳಿದ ಪಾಲಕರ ಸಹಿಯನ್ನೂ ಹಾಕಿಸಿ. ಅದರ ಪ್ರತಿಯನ್ನು ನಮಗೆ ಕಳುಹಿಸಿದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.