ಓಟದ ನಂತರದ ಸ್ಟ್ರೆಚಿಂಗ್ ತಪ್ಪಿಹೋಗುತ್ತಿದ್ದರೆ
ಬೆಳಗಿನ ಓಟ ಮುಗಿಸಿ ಮನೆಗೆ ಬಂದ ಮೇಲೆ ಸ್ಟ್ರೆಚಿಂಗ್ ವಾರಕ್ಕೊಮ್ಮೆಯೂ ಆಗುತ್ತಿಲ್ಲ, ಹಿಮ್ಮಡಿಯೂ ನೋಯುತ್ತಿದೆ ಎಂದು ನೀವು ಬರೆದಿದ್ದೀರಿ. ಸ್ಟ್ರೆಚಿಂಗ್ ತಪ್ಪುವುದಕ್ಕೆ ಸೋಮಾರಿತನಕ್ಕಿಂತ ಅದಕ್ಕೆ ನೀವು ಗೊತ್ತುಮಾಡಿಕೊಂಡಿರುವ ಜಾಗವೇ ಕಾರಣವಿರಬೇಕು. ಹೊಸ್ತಿಲು ದಾಟಿದ ಕೂಡಲೇ ಸ್ನಾನ, ತಿಂಡಿ, ಮೊಬೈಲುಗಳು ಆ ಹತ್ತು ನಿಮಿಷವನ್ನು ನುಂಗಿಬಿಡುತ್ತವೆ.

ಆದ್ದರಿಂದ ಓಟವನ್ನು ಮನೆಗೆ ಐದು ನಿಮಿಷದ ನಡಿಗೆಯಷ್ಟು ಮೊದಲೇ ನಿಲ್ಲಿಸಿ, ಉಸಿರು ಹದಕ್ಕೆ ಬರುವವರೆಗೆ ನಡೆದು, ಗೇಟಿನ ಹೊರಗೇ, ಶೂ ಬಿಚ್ಚುವ ಮುನ್ನವೇ ಸ್ಟ್ರೆಚಿಂಗ್ ಮುಗಿಸಿರಿ. ಮೊದಲ ಎರಡು ವಾರ ಮೀನಖಂಡವೊಂದೇ ಸಾಕು. ಕಾಂಪೌಂಡ್ ಗೋಡೆಗೆ ಎರಡೂ ಕೈ ಊರಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ಅದರ ಮಂಡಿ ನೇರವಾಗಿ ಹಿಮ್ಮಡಿ ನೆಲಕ್ಕೆ ತಾಗಿರುವಂತೆ ಮುಂದಕ್ಕೆ ಬಾಗಿ, 30 ಸೆಕೆಂಡು ಅಲುಗಾಡದೆ ನಿಲ್ಲಬೇಕು; ಎಳೆತ ಗೊತ್ತಾಗಬೇಕು, ನೋವಾಗಬಾರದು. ಪ್ರತಿ ಕಾಲಿಗೆ ಎರಡು ಸಲ. ಇದು ರೂಢಿಯಾದ ಮೇಲೆ ತೊಡೆಯ ಹಿಂಭಾಗ, ಮುಂಭಾಗಗಳನ್ನು ಸೇರಿಸಿಕೊಳ್ಳಬಹುದು. ಎರಡು ವಾರವೆಂಬುದು ಅಂದಾಜು ಮಾತ್ರ. ಕೆಲವರಿಗೆ ಹೆಚ್ಚು ಕಾಲ ಹಿಡಿಯುತ್ತದೆ.

ಮರುದಿನದ ಸ್ನಾಯುನೋವು ಇದರಿಂದ ಹೋಗುತ್ತದೆಂದು ನಿರೀಕ್ಷಿಸಬೇಡಿ. ಅಧ್ಯಯನಗಳಲ್ಲಿ ಅದರ ಮೇಲೆ ಕಂಡ ಪರಿಣಾಮ ತೀರಾ ಅಲ್ಪ. ನಿಯಮಿತವಾಗಿ ಮಾಡಿದರೆ ಹೆಚ್ಚುವುದು ಕೀಲುಗಳ ಚಲನೆಯ ವ್ಯಾಪ್ತಿ. ನೋವು ಹೋಗುತ್ತದೆಂಬ ತಪ್ಪು ನಿರೀಕ್ಷೆಯಿದ್ದರೆ ನಡುವೆ ಕೈಬಿಡುವಂತಾಗಬಹುದು.

ನೀವು ಹೇಳಿರುವ ಹಿಮ್ಮಡಿ ನೋವು ಬರಿಯ ಬಿಗಿತದ್ದೇ ಎಂದು ನೋಡದೆ ಹೇಳಲಾಗದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಚುಚ್ಚುತ್ತಿದ್ದರೆ ಓಟ ಕಡಿಮೆ ಮಾಡಿ ಫಿಸಿಯೋಥೆರಪಿಸ್ಟ್ ಬಳಿ ತೋರಿಸಿರಿ.