ಕಡಿಮೆ ಕಾರ್ಬ್ ಊಟ, ಅಂದರೆ ಅನ್ನ, ಮುದ್ದೆ, ಸಕ್ಕರೆಯಂಥವನ್ನು ಕಡಿಮೆ ಮಾಡಿದ ಊಟ, ಒಬ್ಬರೇ ಶುರುಮಾಡಿದರೆ ಎಷ್ಟೋ ಸಲ ಎರಡೇ ವಾರಕ್ಕೆ ಬಿಟ್ಟುಹೋಗುತ್ತದೆ, ಅದನ್ನೇ ಮಾಡುವವರ ಗುಂಪಿನ ಜೊತೆಯಾದರೆ ನಡೆಯುತ್ತದೆ. ಯಾಕೆ?

ಯಾಕೆಂದರೆ ಎರಡನೇ ವಾರ ತೂಕ ಇಳಿಯುವುದು ನಿಂತಂತೆ ಕಾಣುತ್ತದೆ. ಅದು ಸಹಜ ಎಂದು ಹೇಳೋಕೆ ಆ ವಾರ ದಾಟಿದವರು ಪಕ್ಕದಲ್ಲಿರಬೇಕು.

ಅನ್ನ, ಮುದ್ದೆ, ಚಪಾತಿಯಿಂದ ಬಂದ ಸಕ್ಕರೆಯಲ್ಲಿ ಒಂದಷ್ಟನ್ನು ದೇಹ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತದೆ. ಇದೇ ಗ್ಲೈಕೋಜನ್. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಸೇರಿರುತ್ತದೆ. ಕಾರ್ಬ್ ಕಡಿಮೆ ಮಾಡಿದರೆ ಮೊದಲು ಖಾಲಿಯಾಗುವುದು ಈ ದಾಸ್ತಾನು. ಮೊದಲ ವಾರ 2 ಕೆಜಿ ಇಳಿದರೆ ಅದರಲ್ಲಿ ನೀರೇ ಜಾಸ್ತಿ. ಆಮೇಲೆ ಕೊಬ್ಬಿನ ಸರದಿ, ಅದು ನಿಧಾನ. ನೀರಿನ ಜೊತೆ ಉಪ್ಪೂ ಹೋಗುವುದರಿಂದ ತಲೆನೋವು, ಸುಸ್ತು ಬೇರೆ.

ಒಬ್ಬರೇ ಇದ್ದರೆ 'ಇದು ನನಗೆ ಆಗಿಬರಲ್ಲ' ಅಂತ ಅನ್ನದ ಪಾತ್ರೆ ಕಡೆಗೇ ಕೈ ಹೋಗುತ್ತದೆ, ಅಲ್ವಾ? ಗುಂಪಿನಲ್ಲಾದರೆ ಯಾರಾದರೂ 'ನನಗೂ ಹೀಗೇ ಆಗಿತ್ತು, ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ' ಅನ್ನುತ್ತಾರೆ. ದಿನಾ ತಟ್ಟೆಯ ಫೋಟೋ ಹಾಕುವುದಕ್ಕಿಂತ ಈ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ.

ಶುಗರ್ ಅಥವಾ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಗುಂಪನ್ನಲ್ಲ, ಮೊದಲು ಡಾಕ್ಟರನ್ನು ಕೇಳಿ. ಡೋಸ್ ಬದಲಿಸಬೇಕಾಗಬಹುದು.